ನನ್ನ ಡ್ರಮ್ಮು ಮೈದಾನದಲ್ಲಿ, ನಾನು ವೇದಿಕೆಯಲ್ಲಿ

ನನ್ನ ಎಡಗಾಲು ಹುಟ್ಟಾ ಸೋಮಾರಿ. ಬಲಗಾಲು ಶಾಲೆ ಮುಟ್ಟಿದ ಮೇಲೆ ಅದು ಮನೆಯಿಂದ ಹೊರಡುತ್ತದೆ. ಅದಕ್ಕೆಂದೇ ಕೊಣ್ಣೂರಿನ ನಮ್ಮ ಶಾಲೆಯಲ್ಲಿ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿದರು. ಅದರ ಮೇಲೆ ನನಗಿಂತ ಹೆಚ್ಚು ಓಡಾಡಿದ್ದು ಹೆಡ್‌ಮಾಸ್ತರರ ಸ್ಕೂಟರು.

ಆಟದ ಪಿರಿಯಡ್‌ನಲ್ಲಿ ಎಲ್ಲರ ಚಪ್ಪಲಿ ಕಾಯುವುದು ನನ್ನ ಕೆಲಸ. ಹೋದ ವರ್ಷ ಆಟ ಕಲಿಸಲು ಗಜೇಂದ್ರಗಡದ ಕಡೆಯಿಂದ ಹೊಸ ಅಕ್ಕೋರು ಬಂದರು. ನನ್ನನ್ನು ನೋಡಿ ಅಲ್ಲೇ ನಿಂತರು.

"ಇಲ್ಯಾಕ ಕುಂತೀಯವಾ?"

"ಚಪ್ಲಿ ಕಾಯಾಕ್ರಿ. ಬಿಟ್ರ ಅವು ನನಗಿಂತ ಜೋರ ಓಡ್ತಾವ್ರಿ."

ಅವರು ಲೇಜಿಮ್ ತಂಡದ ನಡುವೆ ಸ್ಟೂಲು ಹಾಕಿಸಿ ನನ್ನನ್ನು ಕೂಡಿಸಿದರು. ತೊಡೆಯ ಮೇಲೆ ಶಾಲೆಯ ಡ್ರಮ್ಮು ಇಟ್ಟರು.

"ನೀ ಬಾರಿಸಿದ್ರನ ಇವ್ರು ಹೆಜ್ಜಿ ಹಾಕ್ಬೇಕು. ನಿನ್ನ ಬಿಟ್ಟು ಈ ತಂಡ ಎಲ್ಲೂ ಹೋಗಂಗಿಲ್ಲ, ತಿಳೀತಿಲ್ಲೋ?"

ತಿಳಿಯದೇ ಇರುತ್ತದೆಯೇ! ಜಿಂಕೆಯಂತೆ ಜಿಗಿಯುವ ಹುಡುಗಿಯರೆಲ್ಲ ನಾನು ಕೋಲು ತಡೆದರೆ ಒಂಟಿಗಾಲಲ್ಲಿ ಕೊಕ್ಕರೆಯಾಗಿ ನಿಲ್ಲುತ್ತಿದ್ದರು. ನನ್ನ ಸದ್ದಿಗೆ ಹೊಳೆಆಲೂರಿನ ಸ್ಟೇಶನ್ನಿನಲ್ಲಿ ಜನ ರೈಲು ಬಂತೆಂದು ಗಂಟು ಎತ್ತಿಕೊಂಡರಂತೆ. ಈ ಸುದ್ದಿ ಹಬ್ಬಿಸಿದವಳೂ ನಾನೇ. ನರಗುಂದದ ತಾಲ್ಲೂಕು ಕಾರ್ಯಕ್ರಮದಲ್ಲಿ ನಾನು ಬಾರಿಸುವುದನ್ನು ನೋಡಲು ಬರಬೇಕೆಂದು ನಮ್ಮ ಓಣಿಯ ನಾಯಿಗಳಿಗೂ ಹೇಳಿದ್ದೆ.

ನರಗುಂದದಲ್ಲಿ ಟೆಂಪೋ ಇಳಿದದ್ದೇ ತಡ, ಅಕ್ಕೋರು ಡ್ರಮ್ಮನ್ನು ನನ್ನ ಗೆಳತಿಯ ಕೊರಳಿಗೆ ಹಾಕಿದರು. ಪಕ್ಕದ ಮನೆಯವಳು, ದಿನಾ ನನ್ನ ಚೀಲ ಹೊರುವವಳು. ಅವಳು ನೆಲ ನೋಡಿದಳು. ನಾನು ಮನೆಗೆ ಹೋದ ಮೇಲೆ ಅವಳಿಗೆ ಬೇರೆ ತಾಲೀಮು ನಡೆದಿತ್ತಂತೆ. ತಂಡಕ್ಕೆಲ್ಲ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

"ಸಾಲು ಮುಂದ ಮುಂದ ನಡೀತೈತವಾ, ನಡುವ ಸ್ಟೂಲ ಚಂದ ಕಾಣಂಗಿಲ್ಲ. ನಿನಗ ಇದಕ್ಕಿಂತ ದೊಡ್ಡ ಜಾಗಾ ಇಟ್ಟೀನಿ" ಎಂದರು ಅಕ್ಕೋರು.

ದೊಡ್ಡ ಜಾಗವೆಂದರೆ ವೇದಿಕೆಯ ಮೇಲೆ, ಮುಖ್ಯ ಅತಿಥಿಗಳ ಪಕ್ಕ, ಒಂದು ಕುರ್ಚಿ. ಕೈಯಲ್ಲಿ ನನ್ನಷ್ಟೇ ಎತ್ತರದ ಹೂಗುಚ್ಛ. ಅಕ್ಕೋರು ಮೈಕಿನಲ್ಲಿ ಹೇಳಿದರು: "ನಮ್ಮ ಶಾಲೆಯಲ್ಲಿ ಯಾರನ್ನೂ ಹೊರಗಿಡುವುದಿಲ್ಲ. ಈ ಮಗುವೇ ಸಾಕ್ಷಿ." ಚಪ್ಪಾಳೆಯೋ ಚಪ್ಪಾಳೆ.

ಅತಿಥಿಗಳು ನನ್ನತ್ತ ಬಾಗಿ, "ಸಾಲ್ಯಾಗ ಏನ್ ಮಾಡ್ತೀಯವಾ?" ಎಂದರು.

"ಡ್ರಮ್ಮ ಬಾರಸ್ತೀನ್ರಿ."

"ಹೌದಾ! ಎಲ್ಲೈತಿ ಡ್ರಮ್ಮು?"

ಕೆಳಗೆ ಮೈದಾನದಲ್ಲಿ ಬಾರಿಸತೊಡಗಿದ್ದ ಗೆಳತಿಯತ್ತ ಕೈ ಮಾಡಿದೆ. "ಅಲ್ಲಿ ನೋಡ್ರಿ, ಬಾರಸಾಕ ಹತ್ತೀನಿ."

"ಭಾರೀ ಚಾಲಾಕ ಹುಡುಗಿ!" ಎಂದು ಬೆನ್ನು ತಟ್ಟಿದರು.

ಅವಳ ಒಂದೇ ಒಂದು ಪೆಟ್ಟು ತಪ್ಪಲಿ ಎಂದು ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ. ತಪ್ಪಲಿಲ್ಲ. ಸಾಲು ತಿರುಗುವಾಗ ನಾನೇ ಹೊಸೆದು ಹಾಕಿದ್ದ ಉರುಳುಪೆಟ್ಟನ್ನೂ ಅವಳು ಹಾಗೇ ಹಾಕಿದಳು. ಇಡೀ ಮೈದಾನ ಕುಣಿಯಿತು. ನನ್ನ ಬೆರಳುಗಳು ಹೂಗುಚ್ಛದ ಪ್ಲಾಸ್ಟಿಕ್ಕಿನ ಮೇಲೆ ಸುಮ್ಮನೆ ಅದನ್ನೇ ಬಾರಿಸುತ್ತಿದ್ದವು.

ವಾಪಸು ಬರುವಾಗ ಟೆಂಪೋದಲ್ಲಿ ಅಕ್ಕೋರು ಮೊಬೈಲ್ ತೋರಿಸಿದರು. "ನೋಡಿಲ್ಲಿ, ಎಷ್ಟ ಚಂದ ಬಂದೀ! ಖುಷಿ ಆತಿಲ್ಲೋ?"

ಫೋಟೋದಲ್ಲಿ ಎಲ್ಲಕ್ಕಿಂತ ಮುಂದೆ ನನ್ನ ಎಡಗಾಲು, ಅದರ ಹಿಂದೆ ಹೂಗುಚ್ಛ. ನನ್ನ ಮುಖ ಅರ್ಧ ಅತಿಥಿಗಳ ಹೆಗಲ ಹಿಂದೆ ಹೋಗಿತ್ತು.

"ಅಕ್ಕೋರ, ಮುಂದಿನ ಸಲ ಕಾಲ ಒಂದನ್ನ ಕಳಸ್ತೀನ್ರಿ. ನಾ ಮನ್ಯಾಗ ಇರ್ತೀನಿ."

ಇಡೀ ಟೆಂಪೋ ನಕ್ಕಿತು. ಅಕ್ಕೋರು ಎಲ್ಲರಿಗಿಂತ ಜೋರಾಗಿ ನಕ್ಕು, "ಏನ್ ಮಾತಾಡ್ತಾಳ ನೋಡ್ರಿ ಇಕಿ!" ಎಂದರು. ನಗುತ್ತಲೇ ಫೋಟೋವನ್ನು ಶಾಲೆಯ ವಾಟ್ಸಾಪ್ ಗುಂಪಿಗೆ ಕಳಿಸಿದರು.