ಪ್ರಮೋದಕ್ಕನ ಬಾರ್ಡರುಗಳು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ಮನೆ ಪ್ರಮೋದಕ್ಕನದೊಂದೇ. ಸುತ್ತಲಿನ ಮಗ್ಗಗಳಿಗೆ ಸೀರೆಯ ಬಾರ್ಡರ್ ಬಿಡಿಸಿಕೊಡುವುದು ಅವರ ಕೆಲಸ. ಮದುವೆಯಾಗಿ ಬಂದಾಗಿನಿಂದ ಬಿಡಿಸಿದ ಬಾರ್ಡರುಗಳೆಲ್ಲ ನಡುಮನೆಯ ಕಂಪ್ಯೂಟರಿನಲ್ಲಿವೆ.

ಡಿಸೈನ್ ಪ್ರೋಗ್ರಾಮ್ ಆ ಫೈಲುಗಳನ್ನು ತಾನೇ ಓದುವುದಿಲ್ಲ. ಓದುವುದಕ್ಕೂ ಬರೆಯುವುದಕ್ಕೂ ಲೈಬ್ರರಿ ಎಂಬ ಇನ್ನೊಂದು ಸಣ್ಣ ತಂತ್ರಾಂಶ ಬೇಕು. ಹೋದ ಆಯುಧಪೂಜೆಗೆ ಬೀದಿಯವರೆಲ್ಲ ಮಗ್ಗ ಒರೆಸಿ, ತುಂಡು ನೂಲು ಗುಡಿಸಿ ಹೊರಹಾಕುತ್ತಿದ್ದಾಗ ಅಕ್ಕನೂ ಕಂಪ್ಯೂಟರ್ ಶುಚಿ ಮಾಡಲು ಕೂತರು. ಹಳೆಯ ಲೈಬ್ರರಿಯನ್ನು ಅಳಿಸಿ, ಹೊಸದನ್ನು ಹಾಕಿ, ಕೀಬೋರ್ಡಿಗೆ ಕುಂಕುಮ ಇಟ್ಟರು. ಮರುದಿನ ಒಂದು ಬಾರ್ಡರೂ ತೆರೆಯಲಿಲ್ಲ. ಹಳೆಯ ಲೈಬ್ರರಿಯ ಪ್ರತಿ ಪೆನ್‌ಡ್ರೈವಿನಲ್ಲಿ ಇದ್ದದ್ದರಿಂದ ಅದನ್ನೇ ಮತ್ತೆ ಹಾಕಿ ಬಚಾವಾದರು. ಆಮೇಲೆ ಲೈಬ್ರರಿ ಬದಲಿಸಲು ಹೆದರುತ್ತಿದ್ದರು.

ಈ ಸಲ ಎದುರುಮನೆಯ ಮುನಿಶಾಮಪ್ಪ ಹೊಸ ಮಗ್ಗ ತಂದರು. ಅದು ಓದುವಂಥ ಫೈಲು ಮಾಡಲು ಹೊಸ ಲೈಬ್ರರಿಯೇ ಬೇಕು.

"ಏನಮ್ಮಾ, ಮಗ್ಗ ಬಂದು ಕೂತದೆ. ಗಂಡಭೇರುಂಡದ ಬಾರ್ಡರ್ ಎಲ್ಲಿ?"

"ಹೊಸದು ಹಾಕಿದ್ರೆ ಹಳೇವೆಲ್ಲ ಹೋಗ್ಬಿಡ್ತವೆ ಮಾವ."

"ಹಂಗಂತ ಬೋಳು ಸೀರೆ ನೇಯ್ಲಾ?"

ಅವರ ಮಗ್ಗ ನೋಡಲು ಅಕ್ಕ ಹೋದರು. ಪಕ್ಕದ ಹಳೆಯ ಮಗ್ಗದಲ್ಲಿ ವಾರ್ಪು, ಅಂದರೆ ಉದ್ದೆಳೆಗಳ ಸುತ್ತು, ಮುಗಿಯುತ್ತಾ ಬಂದಿತ್ತು. ಮುನಿಶಾಮಪ್ಪನವರ ಹೆಂಡತಿ ರುಕ್ಮಿಣಮ್ಮ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಿದ್ದರು.

"ಹಳೇದು ಯಾವಾಗ ಕತ್ತರಿಸ್ತೀರಿ ಅತ್ತೆ?"

"ಹಳೇದನ್ನ ಎಳ್ದು, ಅದ್ರ ಹಿಂದೆ ಹೊಸದು ಮಗ್ಗದ ಈಚೆ ಬಂದ್ಮೇಲೆ. ಮೊದ್ಲೇ ಕತ್ತರಿಸಿದ್ರೆ ಇದ್ಯಾವ ದಾರೀಲಿ ಬರ್ಬೇಕು ಕಣಮ್ಮ?"

ಅಕ್ಕ ಮನೆಗೆ ಬಂದು ಹಳೆಯ ಲೈಬ್ರರಿಯನ್ನು ಇದ್ದಲ್ಲೇ ಬಿಟ್ಟರು. ಹೊಸದನ್ನು ಬೇರೆ ಫೋಲ್ಡರಿನಲ್ಲಿಟ್ಟು, ಪ್ರೋಗ್ರಾಮಿನ ಇನ್ನೊಂದು ಪ್ರತಿಯನ್ನು ಅದಕ್ಕೆ ಜೋಡಿಸಿದರು. ಈಗ ಹಳೆಯ ಬಾರ್ಡರನ್ನು ಹಳೆಯದರಲ್ಲಿ ತೆರೆದು, ಎರಡೂ ಲೈಬ್ರರಿಗಳು ಓದಬಲ್ಲ ಸಾದಾ ಚಿತ್ರವಾಗಿ ಉಳಿಸಿ, ಹೊಸದರಲ್ಲಿ ತೆರೆಯತೊಡಗಿದರು. ಮಾವಿನಕಾಯಿ, ರುದ್ರಾಕ್ಷಿ, ಹಂಸ ಎಲ್ಲವೂ ಬಂದವು. ಗಂಡಭೇರುಂಡವೂ ಬಂತು, ಆದರೆ ಜರಿಯ ಜಾಗವೆಲ್ಲ ಖಾಲಿ. ಹಳೆಯ ಚಿತ್ರವನ್ನು ಪಕ್ಕದಲ್ಲೇ ತೆರೆದಿಟ್ಟು, ನೋಡಿ ನೋಡಿ ಜರಿಯ ಚುಕ್ಕೆಗಳನ್ನು ಮತ್ತೆ ತುಂಬಿದರು. ಹಳೆಯ ಲೈಬ್ರರಿಯನ್ನು ಮೊದಲೇ ಅಳಿಸಿದ್ದರೆ ಹೀಗೆ ಪಕ್ಕದಲ್ಲಿಟ್ಟು ನೋಡಲು ಆಗುತ್ತಿರಲಿಲ್ಲ.

ಹೊಸ ಮಗ್ಗದಲ್ಲಿ ಗಂಡಭೇರುಂಡದ ಎರಡೂ ತಲೆ ಜರಿಯಲ್ಲಿ ಮೂಡಿದ್ದನ್ನು ಬೆರಳಿಂದ ಮುಟ್ಟಿ ನೋಡಿದ ಮೇಲೆಯೇ ಅಕ್ಕ ಮನೆಗೆ ಹೋಗಿ ಹಳೆಯ ಲೈಬ್ರರಿಯನ್ನು ಅಳಿಸಿದರು.

"ಈ ಸಲ ಕುಂಕುಮ ಇಡ್ಲಿಲ್ವಾ?" ಎಂದು ಹಿಂದೆಯೇ ಬಂದ ಮುನಿಶಾಮಪ್ಪ ರೇಗಿಸಿದರು.

"ಒಂದೊಂದು ಬಾರ್ಡರೂ ಹೊಸದ್ರಲ್ಲಿ ತೆಗ್ದು ನೋಡಿದೀನಿ ಮಾವ, ಇಡ್ತೀನಿ ಈಗ."