ಎಡಗೈ ಬ್ರೇಕು, ಬಲಗೈ ಬ್ರೇಕು

ನಿನ್ನೆ ಸೈಕಲ್ ಅಂಗಡಿಯಿಂದ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಕೈ ತಾನಾಗಿಯೇ ಗದ್ದಕ್ಕೆ ಹೋಯಿತು. ಅಲ್ಲೊಂದು ಕಲೆಯಿದೆ. ಒಮಾನಿನ ಕಲ್ಲು ಕೊಟ್ಟ ಪದಕ ಅದು. ಒಂಟೆಮರಿಯೊಂದನ್ನು ಉಳಿಸಲು ಹೋಗಿ ಬಿದ್ದೆ ಎಂದು ಊರಿಡೀ ಹೇಳಿಕೊಂಡು ಮೆರೆದಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ಒಮಾನಿನ ವಾದಿ ಕಬೀರ್ ಎಂಬಲ್ಲಿ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಉಡುಪಿ ಕಡೆಯ ವಾಸು ನನ್ನ ಕೋಣೆಯವನು. ಅವನ ಚಹಾಕ್ಕೆ ಉಪ್ಪು ಬೆರೆಸುವುದು ನನಗೆ ಬೆಳಗಿನ ವ್ಯಾಯಾಮವಿದ್ದಂತೆ. ಊರಿಗೆ ಹೊರಟ ಬಿಳಿಯ ಇಂಜಿನಿಯರೊಬ್ಬ ಗುಡ್ಡ ಹತ್ತುವ ದಪ್ಪ ಟಯರಿನ ಸೈಕಲ್ಲನ್ನು ವಾಸುವಿಗೆ ಕೊಟ್ಟುಹೋದ. ವಾಸು ಅದರ ಬ್ರೇಕುಗಳನ್ನು ನಮ್ಮೂರಿನ ಪದ್ಧತಿಗೆ ಬದಲಿಸಿಕೊಂಡ: ಬಲಗೈಗೆ ಮುಂದಿನ ಚಕ್ರ, ಎಡಗೈಗೆ ಹಿಂದಿನದು. ಗುರುವಾರ ಸಂಜೆ ನಾನು ಗುಟ್ಟಾಗಿ ಕೇಬಲ್ ಅದಲುಬದಲು ಮಾಡಿದೆ. ಗ್ಯಾರೇಜಿನ ಮುಂದಿನ ಮರಳಲ್ಲಿ ಅವನೊಂದು ಲಾಗ ಹಾಕಬೇಕು, ನಾನು ನಗಬೇಕು, ಅಷ್ಟೇ ಆಸೆ.

ಆದರೆ ಶುಕ್ರವಾರ ಬೆಳಿಗ್ಗೆ ಅವನು ಸೈಕಲ್ಲನ್ನು ಪಿಕಪ್ಪಿಗೇರಿಸಿ, ನನ್ನನ್ನೂ ಕೂರಿಸಿಕೊಂಡು ರುಸ್ತಾಕ್ ಕಡೆ ಹೊರಟ. ಅಲ್ಲೊಂದು ಮರಳುಗಲ್ಲಿನ ದಿಬ್ಬ. ಕಾಲುದಾರಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಬಲಕ್ಕೆ ಬಂಡೆ, ಎಡಕ್ಕೆ ಏನೂ ಇಲ್ಲ. ಅಂಥ ಇಳಿಜಾರಲ್ಲಿ ಮುಂದಿನ ಚಕ್ರ ಹಿಡಿದರೆ ಸವಾರ ಸೈಕಲ್ಲಿಗಿಂತ ಮೊದಲು ಕೆಳಗೆ ತಲುಪುತ್ತಾನೆ.

"ನೀನು ಇಳಿಯಬೇಡ," ಎಂದೆ.

"ಎಂತಕ್ಕೆ ಮಾರಾಯ್ರೆ?"

ನಿಜ ಗಂಟಲವರೆಗೆ ಬಂತು. ಬಾಯಿಂದ ಬಿದ್ದದ್ದು ಬೇರೆ. "ಇದು ಮಕ್ಕಳಾಟ ಅಲ್ಲ ಮಾರಾಯ. ಮೊದಲು ನಾನು ಇಳಿದು ತೋರಿಸ್ತೇನೆ."

ಅವನು ನನ್ನ ಮುಖವನ್ನೇ ನೋಡಿದ. "ಬೇರೆ ಎಂತದೂ ಹೇಳ್ಲಿಕ್ಕಿಲ್ವಾ?"

"ಎಂತ ಉಂಟು ಹೇಳ್ಲಿಕ್ಕೆ?"

"ಹಾಗಾದ್ರೆ ಯಲ್ಲಾ, ಹೊರಡಿ, ಇಳಿರಿ."

ಇಳಿದೆ. ಬಲಗೈ ಹಿಂದಿನದು, ಬಲಗೈ ಹಿಂದಿನದು ಎಂದು ಜಪಿಸುತ್ತ. ಮೊದಲ ಮೆಟ್ಟಿಲಿಗೆ ಹಲ್ಲು ಕಟಕಟಿಸಿತು. ಎರಡನೆಯದಕ್ಕೆ ಟಯರಿನಡಿ ಮರಳು ಸರ್ರೆಂದು ಜಾರಿತು. ನನ್ನ ಎಡಪಾದದ ಕೆಳಗೆ ಬರೀ ಗಾಳಿ. ತಿರುವು ಬಂತು. ಬಲಗೈ ಬಲವಾಗಿ ಅದುಮಿದೆ. ಮುಂದಿನ ಚಕ್ರ ನೆಟ್ಟ ಕಂಬದ ಹಾಗೆ ನಿಂತೇಬಿಟ್ಟಿತು!

ಬಂಡೆಯ ಕಡೆಗೇ ಬಿದ್ದದ್ದು ನನ್ನ ಜಾಣತನವಲ್ಲ.

ವಾಸು ಓಡಿ ಬಂದು ತನ್ನ ಅಂಗಿಯಿಂದ ನನ್ನ ಗದ್ದ ಒತ್ತಿ ಹಿಡಿದ. "ಬೆಳಿಗ್ಗೆಯೇ ನೋಡಿ ಕೇಬಲ್ ಸರಿ ಮಾಡಿದ್ದೆ. ನೀವಾಗಿ ಹೇಳ್ತೀರಾ ಅಂತ ಕಾದೆ. ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೆ?"

"ನಿನಗೆ ಹೇಳ್ಲಿಕ್ಕೆ ಆಯ್ತಾ?" ಎಂದೆ. ಇಬ್ಬರಿಗೂ ನಗು ಬರಲಿಲ್ಲ.

ನಿನ್ನೆ ಅಂಗಡಿಯಾತ ಕೇಳಿದ, "ಒಂಟೆಮರಿಯ ಕಲೆ ಇದೇನಾ ಅಜ್ಜ?"

"ಒಂಟೆಯೂ ಇಲ್ಲ, ಮರಿಯೂ ಇಲ್ಲ. ಸ್ನೇಹಿತನ ಬ್ರೇಕು ಕೆಡಿಸಿ ನಾನೇ ಬಿದ್ದದ್ದು," ಎಂದೆ.

ಅವನು ಹೊಟ್ಟೆ ಹಿಡಿದು ನಕ್ಕ. "ನಿಮ್ಮ ಕಿತಾಪತಿ ನಂಗೊತ್ತಿಲ್ವಾ? ಒಂಟೆಯದ್ದೇ ನಿಜ ಬಿಡಿ."