ನನ್ನ ಕಿವಿಗೆ ಒಪ್ಪಿದ ಪಿಕಪ್

ಪುಣೆ ಕ್ಯಾಂಪಿನ ಆ ಅಂಗಡಿಯವನು ಎರಡು ವಸ್ತು ತೆಗೆದು ಗಾಜಿನ ಮೇಲೆ ಇಟ್ಟಾಗಲೇ ನನಗೆ ಸಂಶಯ ಬಂತು. ಒಂದು, ಪಿಟೀಲಿನ ಮೈಗೆ ಕಚ್ಚಿಕೊಂಡು ಕೂರುವ ಸಣ್ಣ ಮೈಕು. ಇನ್ನೊಂದು, ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ ಸಂದಿಯಲ್ಲಿ ಸಿಕ್ಕಿಸುವ, ಅಂಗಿಯ ಗುಂಡಿಯಷ್ಟೂ ಇಲ್ಲದ ಪಿಕಪ್. ಮೈಕು ಗಾಳಿಯಲ್ಲಿ ಬಂದ ಧ್ವನಿ ಹಿಡಿಯುತ್ತದೆ, ಪಿಕಪ್ ಕಟ್ಟಿಗೆಯ ನಡುಕವನ್ನೇ ಹಿಡಿಯುತ್ತದೆ. ಇಷ್ಟು ನನಗೆ ಗೊತ್ತಿತ್ತು. ಮದುವೆ, ಗಣಪತಿ, ಸಂಘದ ಕಾರ್ಯಕ್ರಮಗಳಿಗೆ ಸ್ಪೀಕರ್ ಬಾಡಿಗೆಗೆ ಕೊಡುವುದು, ಮಿಕ್ಸರ್ ಮುಂದೆ ಕೂತು ಧ್ವನಿ ಹೊಂದಿಸುವುದು ನನ್ನ ಕೆಲಸ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಇದನ್ನು ಹಿಡಿದವನು ನಾನು. ಓದಿದವರು, ಅಂಗಡಿಯವರು, ಮೆತ್ತಗೆ ಮಾತಾಡುವವರು ಎಲ್ಲರೂ ನನಗೆ ಟೋಪಿ ಹಾಕಲಿಕ್ಕೇ ಕಾದಿದ್ದಾರೆ ಎಂದು ನಂಬಿ ಬದುಕಿದವನು.

ಪಿಟೀಲು ನನ್ನ ತಂಗಿಯದು. ವಚನ, ದಾಸರ ಪದ ಹಾಡುವ ಧಾರವಾಡದ ಹಿರಿಯ ಗಾಯಕಿಯೊಬ್ಬರಿಗೆ ಅವಳು ಸಾಥ್ ಕೊಡುತ್ತಿದ್ದಳು. ಅವರನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅಲ್ಲಿಯವರೆಗೆ ತಂಗಿಯ ಮುಂದೆ ಒಂದು ಸ್ಟ್ಯಾಂಡಿನ ಮೈಕು ಇಡುತ್ತಿದ್ದೆ. ಅದು ಪಿಟೀಲಿಗಿಂತ ಹೆಚ್ಚಾಗಿ ಪಕ್ಕದ ತಬಲಾವನ್ನೇ ಹಿಡಿಯುತ್ತಿತ್ತು. ದೊಡ್ಡ ಸಭಾಂಗಣದಲ್ಲಿ ಒಂದು ಕಾರ್ಯಕ್ರಮ ನಿಗದಿಯಾದಾಗ ಅಕ್ಕಾರು ತಂಗಿಗೆ ಹೇಳಿದರು: "ಹಿಂದಿನ ಸಾಲಿನವರಿಗೆ ನೀ ಕೇಳಸಂಗೇ ಇಲ್ಲವ್ವಾ. ಪಿಟೀಲಿಗೇ ಹಚ್ಚೂವಂಥಾದ್ದು ಒಂದು ಬ್ಯಾರೆ ಮಾಡ್ಕೊ."

ಆ ಮಾತಿನಲ್ಲೂ ನನಗೆ ಹುಳುಕು ಕಂಡಿತು. ಬೇರೆ ವೈರು ಬಂದರೆ ಮಿಕ್ಸರಿನಲ್ಲಿ ಬೇರೆ ಗುಂಡಿ ಬರುತ್ತದೆ. ನಾನಿಲ್ಲದ ಕಡೆ ತಂಗಿಯೊಬ್ಬಳ ಧ್ವನಿಯನ್ನೇ ತಗ್ಗಿಸಿಬಿಡಲು ಅದು ಅನುಕೂಲ.

ಅಂಗಡಿಯಲ್ಲಿ ತಂಗಿ ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿ, ಎರಡನ್ನೂ ಒಂದಾದ ಮೇಲೊಂದು ಹಚ್ಚಿಸಿಕೊಂಡು ಬಾರಿಸಿದಳು.

"ಅಣ್ಣಾ, ಮೈಕೇ ಚಲೋ ಅದ. ಇದರಾಗ ನನ್ನ ಪಿಟೀಲು ಕೇಳ್ತದ. ಆ ಪಿಕಪ್‌ನಾಗ ಡಬ್ಬಿ ಕೆರೆದಂಗ ಆಗ್ತದ."

"ತ್ಯಾ ಬರೋಬರ್ ಬೋಲ್ತಾತ್, ದಾದಾ," ಎಂದು ಅಂಗಡಿಯವನೂ ಮರಾಠಿಯಲ್ಲಿ, ಅವಳು ಹೇಳುವುದೇ ಸರಿ ಎಂದು ಅವಳ ಪರ ನಿಂತ.

ನನಗೆ ಕೇಳಿದ್ದೇ ಬೇರೆ. ಮೈಕಿನ ಧ್ವನಿ ಕೌದಿಯೊಳಗಿಂದ ಬಂದ ಹಾಗಿತ್ತು. ಪಿಕಪ್ಪಿನದು ಗೆರೆ ಕೊರೆದ ಹಾಗೆ ಸ್ಪಷ್ಟ. ಮೇಲಾಗಿ ಮೈಕು ತುಟ್ಟಿ. ಸಂಶಯ ಗಟ್ಟಿಯಾಯಿತು.

"ಅವಗ ತುಟ್ಟಿ ಮಾಲು ಮಾರೋದದ. ನಿನಗ ತಿಳಿಯಂಗಿಲ್ಲ, ಸುಮ್ನಿರು," ಎಂದೆ.

"ಬಾರಿಸಾಕಿ ನಾ, ತಿಳಿಯೂದು ನಿನಗೇನು?" ಎಂದು ನಕ್ಕಳು. ಆದರೆ ಪಿಕಪ್ಪಿಗೇ ಒಪ್ಪಿದಳು. ಅವಳು ಸಣ್ಣವಳಿದ್ದು ಅಭ್ಯಾಸ ಮಾಡುವಾಗ ಹೊರಗೆ ಸೈಕಲ್ ಒರೆಸುತ್ತ "ಸ್ವರ ಇಳೀತು, ಸ್ವಲ್ಪ ಮ್ಯಾಲ ಹಿಡಿ" ಎಂದು ಕೂಗುತ್ತಿದ್ದವನು ನಾನು. ನನ್ನ ಕೂಗು ತಪ್ಪಿದ್ದಿಲ್ಲ. ನನ್ನ ಕಿವಿಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಆ ಕಿವಿ ಕೆಟ್ಟಿದೆಯೆಂದು ಅಂಗಡಿಗೆ ಹೋಗುವ ಮೊದಲೇ ನನಗೆ ಗೊತ್ತಿತ್ತು. ಅದನ್ನು ಹೇಳದೆ ಈ ಬರಹಕ್ಕೆ ಅರ್ಥವಿಲ್ಲ.

ಗೊತ್ತಾದದ್ದು ಹೀಗೆ. ಮಗಳಿಗೆ ಜ್ವರ ಬಂದಿತ್ತು. ಹೊಸ ಥರ್ಮಾಮೀಟರ್ ತಂದು ಅವಳ ಕಂಕುಳಲ್ಲಿಟ್ಟು, ಅದು ಕುಂಯ್ ಎನ್ನುವುದನ್ನು ಕಾಯುತ್ತ ಕೂತೆ. ಅನ್ನಲೇ ಇಲ್ಲ. ಕೆಟ್ಟ ಮಾಲು ಕೊಟ್ಟಿದ್ದಾನೆಂದು ಸಿಟ್ಟಿನಿಂದ ಔಷಧದ ಅಂಗಡಿಗೆ ಹೋಗಿ ಗದರಿದೆ. ಅವನು ಅದನ್ನು ತನ್ನ ಕಂಕುಳಲ್ಲೇ ಇಟ್ಟುಕೊಂಡ. ಸ್ವಲ್ಪ ಹೊತ್ತಿಗೆ ತೆಗೆದು "ಆತಲಾ?" ಎಂಬಂತೆ ನನ್ನ ಮುಖ ನೋಡಿದ. ಔಷಧಕ್ಕೆ ನಿಂತವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ನನಗೆ ಏನೂ ಕೇಳಿಸಿರಲಿಲ್ಲ.

ಗಣಪತಿ ಮೆರವಣಿಗೆಗಳಲ್ಲಿ ಎಷ್ಟೋ ವರ್ಷ ಸ್ಪೀಕರಿನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರ ಫಲ ಅದು. ಕೆಳಗಿನ ಧ್ವನಿ ಎಲ್ಲ ಕೇಳುತ್ತದೆ. ಸಣ್ಣ, ಚೂಪು ಧ್ವನಿಗಳು ಇಲ್ಲವೇ ಇಲ್ಲ. ಯಾರಿಗೂ ಹೇಳಲಿಲ್ಲ. ಕಿವುಡನಿಗೆ ಮಿಕ್ಸರ್ ಯಾರು ಕೊಡುತ್ತಾರೆ? ಅಂದಿನಿಂದ ಮಿಕ್ಸರಿನ ಹಸಿರು, ಕೆಂಪು ದೀಪ ನೋಡಿಯೇ ಕೆಲಸ ಸಾಗಿಸಿದೆ.

ದೊಡ್ಡ ಕಾರ್ಯಕ್ರಮಕ್ಕಿಂತ ಮೊದಲು ಎರಡು ಮೂರು ಸಣ್ಣವು ಇದ್ದವು. ಮೊದಲನೆಯದರಲ್ಲೇ ಪಿಕಪ್ ಹಚ್ಚಿ, ಚೂಪು ಧ್ವನಿಯ ಗುಂಡಿಯನ್ನು ನನಗೆ ಸ್ಪಷ್ಟವಾಗುವವರೆಗೂ ತಿರುಗಿಸಿದೆ. ಮುಂದಿನ ಸಾಲಿನಲ್ಲಿ ಅಜ್ಜಿಯೊಬ್ಬರು ಸೆರಗನ್ನು ಕಿವಿಗೆ ಒತ್ತಿಕೊಂಡರು. ಫ್ಯಾನಿನ ಗಾಳಿ ಬಡಿಯುತ್ತಿರಬೇಕು ಅಂದುಕೊಂಡೆ. ಮುಗಿದ ಮೇಲೆ ತಬಲಾದವನು ನನ್ನ ಹತ್ತಿರ ಬಂದ.

"ಏನ್ರಿ ಅಣ್ಣಾರ, ಪಿಟೀಲು ಹಚ್ಚೀರೊ, ಹಲ್ಲಿನ ಡಾಕ್ಟರ್ ಮಷೀನ್ ಹಚ್ಚೀರೊ? ನನ್ನ ದವಡಿ ಇನ್ನೂ ಜುಂ ಅನ್ನಾಕತ್ತದ."

ಇವನ ತಬಲಾ ಕೆಳಗಾಯಿತೆಂದು ಹೊಟ್ಟೆಕಿಚ್ಚು ಎಂದುಕೊಂಡೆ. ಅಂಗಡಿಯವನು ಯಾರೋ ವಾಪಸು ಕೊಟ್ಟ ಪಿಕಪ್ ಕೊಟ್ಟಿರಬೇಕು ಎಂದುಕೊಂಡೆ. ಅಕ್ಕಾರು ಇನ್ನಾರನ್ನೋ ತರಲು ನೆವ ಹುಡುಕುತ್ತಿದ್ದಾರೆ ಎಂದುಕೊಂಡೆ. ಸಂಶಯಪಡಲು ಎಲ್ಲರೂ ಇದ್ದರು. ಎರಡನೆಯ ಕಾರ್ಯಕ್ರಮದಲ್ಲೂ ಜನ ಮುಖ ಹಿಂಡಿದಾಗ ತಂಗಿ ನನ್ನನ್ನೇ ಕೇಳಿದಳು, "ಅಣ್ಣಾ, ಎಲ್ಲಿ ತಪ್ಪಾಕತ್ತದ?"

ಆಗ ನಾನು ಅಂದೆ, "ಕಮಾನಿನ ಕೈ ಒರಟಾಗ್ಯದ ನಿಂದು."

"ಖರೇನ?"

"ನನ್ನ ಕಿವಿ ಸುಳ್ಳ ಹೇಳ್ತದೇನು?"

ಅವಳು ನಂಬಿದಳು. ಕಮಾನಿಗೆ ಹಚ್ಚುವ ರಾಳ ಕಡಿಮೆ ಮಾಡಿದಳು. ತಂತಿ ಬದಲಿಸಿದಳು. ಕಮಾನನ್ನು ಮುಟ್ಟಿಯೂ ಮುಟ್ಟದ ಹಾಗೆ ಎಳೆಯತೊಡಗಿದಳು. ಕೊನೆಗೆ, ಅತಿ ತೆಳುವಾದ ತಂತಿಯ ಮೇಲ್ಭಾಗಕ್ಕೆ ಹೋಗುವುದನ್ನೇ ಬಿಟ್ಟಳು. ಅಕ್ಕಾರು ಮೇಲಿನ ಷಡ್ಜಕ್ಕೆ ಏರಿ ನಿಂತರೆ ಇವಳು ಕೆಳಗೇ ಸುತ್ತುತ್ತಿದ್ದಳು. ಅಕ್ಕಾರು ಹಾಡುತ್ತಲೇ ಹೊರಳಿ ನೋಡುತ್ತಿದ್ದರು. ಅವರ ಪಕ್ಕದ ಜಾಗ ತಂಗಿ ಎಷ್ಟೋ ವರ್ಷದ ಅಭ್ಯಾಸದಿಂದ ಗಳಿಸಿದ್ದು. ಅದು ಹೋಗುವುದು ನನಗೆ ಕಾಣುತ್ತಿತ್ತು. ಆದರೂ ಕೂತು ಮಿಕ್ಸರಿನ ದೀಪ ನೋಡಿದೆ.

ಒಂದು ಭಾನುವಾರ ಬೆಳಿಗ್ಗೆ ತಂಗಿ ಪುಣೆಯ ಕೊಂಢವಾದಲ್ಲಿರುವ ನಮ್ಮ ಮನೆಗೆ ಬಂದು ಪಿಕಪ್ಪನ್ನು ಟೇಬಲ್ಲಿನ ಮೇಲಿಟ್ಟಳು.

"ಇದನ್ನ ಯಾರಿಗರೆ ಕೊಡು. ದೊಡ್ಡ ಕಾರ್ಯಕ್ರಮಕ್ಕ ಅಕ್ಕಾರು ಬ್ಯಾರೆಯವರನ್ನ ನೋಡಾಕತ್ತಾರ. ಅವರದೇನೂ ತಪ್ಪಿಲ್ಲ. ನನ್ನ ಕೈ ಹೋತು. ಇನ್ನ ಪಿಟೀಲು ಸಾಕು."

ನನ್ನ ಹೆಂಡತಿ ಚಹಾ ತಂದಿಟ್ಟಳು. ಆಗಲೂ ಸುಮ್ಮನಿರಬಹುದಿತ್ತು. ತಂಗಿ ಪಿಟೀಲಿನ ಪೆಟ್ಟಿಗೆ ತಂದಿರಲಿಲ್ಲ. ಬರಿಗೈಲಿ ಬಂದಿದ್ದಳು. ಅದನ್ನು ನೋಡಲಾಗಲಿಲ್ಲ.

"ನಿನ್ನ ಕೈ ಅಲ್ಲ ತಂಗಿ. ನನ್ನ ಕಿವಿ," ಎಂದೆ. ಥರ್ಮಾಮೀಟರಿನಿಂದ ಹಿಡಿದು ಎಲ್ಲ ಹೇಳಿದೆ.

"ಅಂಗಡಿಗೆ ಹೋದಾಗ ಗೊತ್ತಿತ್ತು?"

"ಗೊತ್ತಿತ್ತು."

"ಕೇಳಸಂಗಿಲ್ಲ ಅನ್ನೂದು ಒಂದು ತಪ್ಪೇನು ಅಣ್ಣಾ? ನನ್ನ ಕೈ ಒರಟು ಅಂದಿಯಲಾ. ಅದನ್ನ ಹೆಂಗ ಅಂದಿ?"

ಹೆಂಡತಿಯ ಮುಖ ನೋಡಿದೆ. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ. ಇವಳೇ ಮೊದಲು ತಂಗಿಗೆ ಹೇಳಿರಬೇಕೆಂಬ ಸಂಶಯ ಆ ಹೊತ್ತಿನಲ್ಲೂ ನನಗೆ ಬಂತು. "ನನ್ನ ಕಡೆ ಏನು ನೋಡ್ತೀರಿ?" ಎಂದಳು ಹೆಂಡತಿ. "ವಾಷಿಂಗ್ ಮಷೀನ್ ಕೂಗಿದ್ರ ಹೇಳ್ರಿ ಅಂತ ನಿಮಗ ಹೇಳೂದು ನಾ ಯಾವಾಗೋ ಬಿಟ್ಟೀನಿ. ನೀವಾಗೇ ಹೇಳ್ತೀರಿ ಅಂತ ಕಾದೆ."

ತಂಗಿ ತನ್ನ ಫೋನಿನಲ್ಲಿ ಅಕ್ಕಾರಿಗೆ ಹಚ್ಚಿ ನನ್ನ ಕೈಗೆ ಕೊಟ್ಟಳು. ನಾನೇ ಹೇಳಬೇಕಾಯಿತು.

ಅವರು ಪೂರ್ತಿ ಕೇಳಿಸಿಕೊಂಡು ಅಂದರು: "ತಮ್ಮಾ, ಹೋದ ವಾರ ಹೇಳಬಾರದಾಗಿತ್ತಾ? ಬ್ಯಾರೆಯವರಿಗೆ ಮಾತು ಕೊಟ್ಟುಬಿಟ್ಟೀನಿ. ಅದು ಮುಗೀಲಿ, ಮುಂದಿನದಕ್ಕ ಆಕಿ ಬರಲಿ. ಮಿಕ್ಸರಿಗೆ ಮಾತ್ರ ನೀ ಬ್ಯಾಡಪಾ."

ದೊಡ್ಡ ಸಭಾಂಗಣದಲ್ಲಿ ಅಕ್ಕಾರ ಪಕ್ಕ ಬೇರೆ ಯಾರೋ ಕೂತರು. ತಂಗಿ ಒಬ್ಬಳೇ ಕ್ಯಾಂಪಿಗೆ ಹೋಗಿ ಆ ಮೈಕು ತಂದುಕೊಂಡಳು. ಮಿಕ್ಸರನ್ನು ಈಗ ಇನ್ನೊಬ್ಬರಿಗೆ ಬಿಟ್ಟು ನಾನು ಸ್ಪೀಕರ್ ಹೊರುತ್ತೇನೆ, ವೈರು ಎಳೆಯುತ್ತೇನೆ.

ಮುಂದಿನ ಕಾರ್ಯಕ್ರಮದಲ್ಲಿ ನಾನು ಪಕ್ಕದ ಬಾಗಿಲಲ್ಲಿ ನಿಂತು ತಂಗಿಯ ಎಡಗೈಯನ್ನೇ ನೋಡುತ್ತಿದ್ದೆ. ಅಕ್ಕಾರು ಮೇಲೇರಿ ನಿಂತು ಕಾದರು. ತಂಗಿಯ ಬೆರಳು ಅರ್ಧದವರೆಗೆ ಜಾರಿ ನಿಂತಿತು, ಮತ್ತೆ ಕೆಳಗಿಳಿಯಿತು.

ಎಲ್ಲ ಮುಗಿದ ಮೇಲೆ ವೈರು ಸುತ್ತುತ್ತ ಕೇಳಿದೆ, "ಯಾಕ ಏರಲಿಲ್ಲ? ಮೈಕ್ ಚಲೋ ಅದಲಾ ಈಗ?"

"ಮೈಕ್ ಭಾಳ ಚಲೋ ಅದ," ಎಂದಳು ಕಮಾನಿನ ಕೂದಲು ಸಡಿಲಿಸುತ್ತ. "ಅಲ್ಲಿಗೆ ಹೋಗೂದ್ರಾಗ ಕೈ ಒರಟು ಅಂತ ನೀ ಅಂದಿದ್ದು ಕೇಳಸ್ತದ."